ಪಿಕಪ್‌ನ ಎರಡೂ ಹೆಡ್‌ಲೈಟ್ ಮಿಣಮಿಣ ಅನ್ನುತ್ತಿವೆ, ಡೈನಮೋ ಬದಲಿಸಬೇಕಾ?

ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನು ಸದ್ಯಕ್ಕೆ ಮುಟ್ಟಬೇಡಿ ಅಣ್ಣಾರೆ. ಗದಗದಲ್ಲಿ ಎರಡು ಸಲ ಬಲ್ಬ್ ಹಾಕಿಸಿದ್ದೀರಿ, ಆದರೂ ಎರಡೂ ಲೈಟು ಒಟ್ಟಿಗೇ ಮಿಣುಕುತ್ತವೆ. ತಗ್ಗು ಬಂದರೆ ಜಾಸ್ತಿ, ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೇ ಹೆಡ್‌ಲೈಟೂ ಮಂಕಾಗುತ್ತದೆ ಅಂದಿದ್ದೀರಿ. ಅರ್ಧ ಉತ್ತರ ಆ ಕೊನೆಯ ಮಾತಿನಲ್ಲೇ ಇದೆ. ನನಗೆ ಅನುಮಾನ ಅರ್ತ್ ಮೇಲೆ, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿಯ ಮೇಲೆ.

ನಾನೂ ಇದೇ ಪಾಡು ಪಟ್ಟವನು. ಮೂರು ವರ್ಷದ ಹಿಂದೆ ಅಣ್ಣಿಗೇರಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಹುಬ್ಬಳ್ಳಿ ಮೇಲೆ ಬ್ಯಾಡಗಿಗೆ ಹೊರಟಿದ್ದೆ. ಶಿಗ್ಗಾವಿ ದಾಟುವಷ್ಟರಲ್ಲಿ ಲೈಟು ಕಣ್ಣುಮುಚ್ಚಾಲೆ ಶುರು ಮಾಡಿತು. ಬೆಳಗಾಗುವವರೆಗೆ ಧಾಬಾದಲ್ಲೇ ನಿಂತೆ. ಆಮೇಲೆ ಬಲ್ಬ್ ಬದಲಿಸಿದೆ, ಲೈಟಿನ ಕರೆಂಟು ಆನ್-ಆಫ್ ಮಾಡುವ ರಿಲೇ ಬದಲಿಸಿದೆ, ಯಾರೋ ಹೇಳಿದರು ಅಂತ ಬ್ಯಾಟರಿಯನ್ನೂ ಬದಲಿಸಿದೆ. ಕಡೆಗೆ ಗಬ್ಬೂರು ಕ್ರಾಸ್ ಹತ್ತಿರ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಚಾಚಾ ಬಾನೆಟ್ ಎತ್ತುವ ಮೊದಲೇ ಕೇಳಿದರು: "ಎರಡೂ ಕೂಡೇ ಕಣ್ಣು ಹೊಡೀತಾವಂದ್ರ ಬಲ್ಬಿಗೆ ಯಾಕ ಬಯ್ಯತೀರಿ? ಅರ್ತ್ ನೋಡೀರೇನು?"

ನೋಡಿರಲಿಲ್ಲ.

ವಿಷಯ ಇಷ್ಟೇ. ಬ್ಯಾಟರಿಯಿಂದ ಬಲ್ಬಿಗೆ ಹೋದ ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಬರಬೇಕು. ಎಷ್ಟೋ ಗಾಡಿಗಳಲ್ಲಿ ಹೆಡ್‌ಲೈಟು, ಇಂಡಿಕೇಟರು ಎರಡರ ಅರ್ತ್ ವೈರೂ ಮುಂದಿನ ಒಂದೇ ಬೋಲ್ಟಿಗೆ ಬಿಗಿದಿರುತ್ತದೆ. ಆ ಬೋಲ್ಟಿಗೆ ತುಕ್ಕು ಹಿಡಿದರೆ ದಾರಿ ಇಕ್ಕಟ್ಟಾಗುತ್ತದೆ. ಇಂಡಿಕೇಟರ್ ಹತ್ತಿದಾಗಲೆಲ್ಲ ಹೆಡ್‌ಲೈಟಿನ ಪಾಲು ಕಡಿಮೆಯಾಗುತ್ತದೆ. ಒಂದೇ ಲೈಟು ಮಿಣುಕುತ್ತಿದ್ದರೆ ಆ ಬದಿಯ ಬಲ್ಬು, ಹೋಲ್ಡರ್, ಬಲ್ಬಿನ ಹಿಂದೆ ವೈರು ಸಿಕ್ಕಿಸುವ ಕಪ್ಲರ್ ನೋಡಿ ಅನ್ನುತ್ತಿದ್ದೆ. ನಿಮ್ಮದು ಹಾಗಲ್ಲ.

ಪರೀಕ್ಷೆಗೆ ಒಂದು ಸಾದಾ ಮಲ್ಟಿಮೀಟರ್ ಸಾಕು. ಮೊದಲು ಬ್ಯಾಟರಿ ಟರ್ಮಿನಲ್ ಎರಡೂ ಕೈಗೆ ಅಲುಗಾಡುತ್ತವಾ ನೋಡಿ. ಆಮೇಲೆ ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಇಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆ ಅರ್ತ್ ವೈರಿನ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸಿರುವ ರಿಂಗಿಗೆ ಮುಟ್ಟಿಸಿ. ಬೋಲ್ಟಿನ ತಲೆಗಲ್ಲ, ರಿಂಗಿಗೆ. 0.2 ವೋಲ್ಟ್ ಒಳಗಿದ್ದರೆ ಸರಿ ಇದೆ. 0.5 ದಾಟಿದರೆ ಕಳ್ಳ ಸಿಕ್ಕ. ನನ್ನ ಗಾಡಿಯಲ್ಲಿ 1.4 ತೋರಿಸಿತ್ತು!

ಮೀಟರ್ ಇಲ್ಲವಾ? ಒಂದು ದಪ್ಪ ವೈರನ್ನು ಬ್ಯಾಟರಿ ಮೈನಸ್‌ನಿಂದ ಅದೇ ರಿಂಗಿಗೆ ಒತ್ತಿ ಹಿಡಿಯಿರಿ. ಮಿಣುಕು ನಿಂತರೆ ಅದೇ ರೋಗ. ಪ್ಲಸ್ ಕಡೆ ಮಾತ್ರ ವೈರು ತಾಗಬಾರದು.

ರಿಪೇರಿಗೆ ಹೆಚ್ಚೇನೂ ಖರ್ಚಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿಡಿ. ಬೋಲ್ಟ್ ತೆಗೆದು, ರಿಂಗನ್ನೂ ಬಾಡಿಯ ಜಾಗವನ್ನೂ ಪಾಲಿಶ್ ಪೇಪರ್‌ನಿಂದ ತಗಡು ಹೊಳೆಯುವವರೆಗೆ ತಿಕ್ಕಿ. ಪೇಂಟ್ ಉಳಿದರೆ ಪ್ರಯೋಜನ ಇಲ್ಲ. ರಿಂಗಿನ ಬುಡದಲ್ಲಿ ವೈರು ಹಸಿರು ತಿರುಗಿದ್ದರೆ ಕತ್ತರಿಸಿ ಹೊಸ ರಿಂಗ್ ಹಾಕಿ. ಹಲ್ಲಿನ ವಾಷರ್ ಕೊಟ್ಟು ಬಿಗಿದು, ಮೇಲೆ ವ್ಯಾಸಲೀನ್ ಸವರಿ. ನಮ್ಮ ಎರೆ ಮಣ್ಣಿನ ಕೆಸರು ಅಲ್ಲಿ ಮೆತ್ತಿಕೊಂಡರೆ ವಾರಗಟ್ಟಲೆ ಹಸಿಯಾಗೇ ಇರುತ್ತದೆ. ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಚ್ಚಿ ನೋಡೋದು ಒಳ್ಳೆಯದು. ಜೊತೆಗೆ ಇಂಜಿನ್‌ನಿಂದ ಚಾಸಿಗೆ ಬರುವ ಜಡೆಯಂಥ ಪಟ್ಟಿಯನ್ನೂ ನೋಡಿ. ಅದು ಕೆಟ್ಟರೆ ಸೆಲ್ಫ್ ಹೊಡೆಯುವಾಗಲೂ ಇಂಜಿನ್ ಸೋಮಾರಿಯಾಗಿ ತಿರುಗುತ್ತದೆ.

ಡೈನಮೋ ಯಾವಾಗ? ಎಕ್ಸಲರೇಟರ್ ಒತ್ತಿದಂತೆ ಬೆಳಕು ಏರಿಳಿದರೆ. ಇಂಜಿನ್ ಚಾಲೂ ಇದ್ದಾಗ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಸುಮಾರು 13.8 ರಿಂದ 14.4 ವೋಲ್ಟ್ ಸ್ಥಿರವಾಗಿ ಬಂದರೆ ಅದರ ತಂಟೆಗೆ ಹೋಗಬೇಡಿ. 13 ಕ್ಕಿಂತ ಕೆಳಗೆ ಕುಣಿದರೆ ಮೊದಲು ಡೈನಮೋ ತಿರುಗಿಸುವ ಬೆಲ್ಟ್ ನೋಡಿಸಿ. 15 ದಾಟಿದರೆ ವೋಲ್ಟ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬಲ್ಬು ಮೇಲಿಂದ ಮೇಲೆ ಫ್ಯೂಸ್ ಆಗೋದೂ ಅದಕ್ಕೇ.

ಇನ್ನೊಂದು ಕೇಳಬೇಕಿತ್ತು. ಎರಡನೇ ಸಲ ಹಾಕಿಸಿದ ಬಲ್ಬು 100/90 ವ್ಯಾಟಿನದಾ? ಕಂಪನಿಯಿಂದ ಬರುವ ಎಚ್4 ಬಲ್ಬು 60/55, ಅಂದರೆ ಹೈಬೀಮ್‌ಗೆ 60, ಡಿಮ್‌ಗೆ 55 ವ್ಯಾಟ್. ಡಿಮ್‌ನಲ್ಲಿ ಒಂದೊಂದು ಸುಮಾರು 4.6 ಆಂಪಿಯರ್ ಎಳೆಯುತ್ತದೆ. 90 ವ್ಯಾಟಿನದು 7.5 ಎಳೆಯುತ್ತದೆ. ವೈರು, ಸ್ವಿಚ್ಚು ಅದೇ ಹಳೆಯವು, ಅಲ್ವಾ? ಕಪ್ಲರ್ ಕಂದು ತಿರುಗಿ ಕರಗಿದ್ದರೆ ಸುಮ್ನೆ ಒತ್ತಿ ಕೂರಿಸಬೇಡಿ, ಹೊಸದು ಹಾಕಿಸಿ, 60/55 ಕ್ಕೇ ವಾಪಸ್ ಬನ್ನಿ. ಎಲ್‌ಇಡಿ ಹಾಕಿದರೂ ರೋಗ ವಾಸಿಯಾಗಲ್ಲ. ತಂತಿಯ ಬಲ್ಬು ಕರೆಂಟ್ ಕ್ಷಣ ತಪ್ಪಿದರೂ ಕಾವಿಗೆ ಉರಿಯುತ್ತಿರುತ್ತದೆ, ಎಲ್‌ಇಡಿಗೆ ಆ ತಾಳ್ಮೆ ಇಲ್ಲ, ಮಿಣುಕು ಇನ್ನೂ ಎದ್ದು ಕಾಣುತ್ತದೆ.

ಅರ್ತ್ 0.2 ಒಳಗಿದ್ದೂ ಮಿಣುಕಿದರೆ, ಲೈಟ್ ಹಾಕಿ ಡಿಪ್ಪರ್ ಕಡ್ಡಿಯನ್ನು ಮೆಲ್ಲಗೆ ಅಲುಗಾಡಿಸಿ. ಬೆಳಕು ಹೋಗಿ ಬಂದರೆ ಸ್ವಿಚ್ಚಿನ ಒಳಗೆ ಕಾಂಟ್ಯಾಕ್ಟ್ ಸುಟ್ಟಿದೆ. ಹೊಸ ಸ್ವಿಚ್ಚಿನ ಜೊತೆ ಫ್ಯೂಸ್ ಇರುವ ರಿಲೇ ಸೆಟ್ಟನ್ನೂ ಹಾಕಿಸಿಬಿಡಿ. ಅಲ್ಲಿವರೆಗೆ ರಾತ್ರಿ ಲೋಡ್ ಒಪ್ಪಿಕೊಳ್ಳಬೇಡಿ. ಬ್ಯಾಟರಿಯಲ್ಲಿ ಎಷ್ಟು ಬಂತು, ಅರ್ತ್ ರಿಂಗಿನಲ್ಲಿ ಎಷ್ಟು ಬಂತು, ಎರಡನ್ನೂ ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ.