‘ಬಿಗ್ಗರ್ ದ್ಯಾನ್ ಲೈಫ್’ ಚಿತ್ರದಲ್ಲಿ ಅಷ್ಟು ಒಳ್ಳೆಯ ಅಪ್ಪ ಯಾಕೆ ಕ್ರೂರಿಯಾಗುತ್ತಾನೆ?

ಕಾರ್ಟಿಸೋನ್ ಮಾತ್ರೆ ಅತಿಯಾಗಿದ್ದೇ ಕಾರಣ. ನಿಕೋಲಸ್ ರೇ ನಿರ್ದೇಶಿಸಿದ ಈ 1956ರ ಅಮೆರಿಕನ್ ಚಿತ್ರದಲ್ಲಿ ಜೇಮ್ಸ್ ಮೇಸನ್ ಶಾಲಾ ಶಿಕ್ಷಕ ಎಡ್. ಅವನಿಗೆ ರಕ್ತನಾಳಗಳು ಊದಿಕೊಳ್ಳುವ ಕಾಯಿಲೆ, ಬದುಕಲು ಆ ಮಾತ್ರೆ ಬೇಕೇ ಬೇಕು. ಅದು ಸ್ಟೀರಾಯ್ಡ್. ಊತ ಇಳಿಸುತ್ತದೆ, ಮೆದುಳಿನ ಮೇಲೂ ಕೆಲಸ ಮಾಡುತ್ತದೆ. ಡೋಸ್ ಜಾಸ್ತಿಯಾದರೆ ವಿಪರೀತ ಹುರುಪು ಬರಬಹುದು, ನಿದ್ದೆ ಕೆಡಬಹುದು, ಕೊನೆಗೆ ಭ್ರಮೆಯೂ ಹಿಡಿಯಬಹುದು. ಆ ಹುರುಪಿಗೇ ಮನಸೋತು ಎಡ್ ಇನ್ನಷ್ಟು ನುಂಗುತ್ತಾನೆ.

ಆದರೆ ತಪ್ಪೆಲ್ಲ ಮಾತ್ರೆಯದೇ ಅಂತ ನನಗೆ ಅನಿಸುವುದಿಲ್ಲ. ಸಂಬಳ ಸಾಲದೆ, ಹೆಂಡತಿಗೂ ಹೇಳದೆ ಟ್ಯಾಕ್ಸಿ ಕಂಪನಿಯಲ್ಲಿ ದುಡಿಯುತ್ತಿದ್ದವನು ಅವನು. ಒಳಗೆ ಅದುಮಿಟ್ಟ ಅಸಮಾಧಾನ ಮೊದಲೇ ಇತ್ತು, ಅಲ್ವಾ? ಲೆಕ್ಕ ಬಿಡಿಸುವವರೆಗೂ ಮಗನಿಗೆ ಊಟವಿಲ್ಲ ಅನ್ನುತ್ತಾನೆ. ತಾಯಿ ಕದ್ದು ಹಾಲು ಕೊಟ್ಟರೆ ಅದಕ್ಕೂ ರೇಗುತ್ತಾನೆ.