ಪುಕ್ಕಟೆ ಬಂದ ಗಾಲಿಕುರ್ಚಿಗೆ ಹೆಸರಿಡಬಾರದೇ?

ಪತ್ರ: ಎರಡು ವರ್ಷದ ಹಿಂದೆ ಶಿಬಿರವೊಂದರಲ್ಲಿ ನನ್ನ ತಮ್ಮನಿಗೆ ಗಾಲಿಕುರ್ಚಿ ಕೊಟ್ಟರು. ನಮ್ಮ ಮನೆಯ ಒಳಬಾಗಿಲಲ್ಲಿ ಅದು ಹಿಡಿಯುವುದಿಲ್ಲ. ಮುಂದಿನ ಸಣ್ಣ ಗಾಲಿ ಮುರಿದ ಮೇಲೆ ಹಿತ್ತಲು ಸೇರಿದೆ. ಮೊನ್ನೆ ಯಾರೋ ಫಾರ್ಮ್ ಹಿಡಿದು ಬಂದು, ‘ಸಾಧನದಿಂದ ತೃಪ್ತಿ ಇದೆಯೇ?’ ಎಂದು ಕೇಳಿದರು. ಅಪ್ಪ ‘ಹೌದ್ರೀ’ ಅಂದುಬಿಟ್ಟರು. ಪುಕ್ಕಟೆ ಕೊಟ್ಟಿದ್ದಕ್ಕೆ ಹೆಸರಿಡಬಾರದಂತೆ. ಇದು ಸರಿಯೇ?
– ಓದುಗರೊಬ್ಬರು, ರೋಣ ತಾಲ್ಲೂಕು

ಉತ್ತರ: ಅಕ್ಕಾವ್ರೇ, ಅಪ್ಪನ ಮೇಲೆ ಸಿಟ್ಟಾಗಬೇಡಿ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಅಂತ ಕೇಳಿಕೊಂಡೇ ಬೆಳೆದ ತಲೆಮಾರು ಅದು. ಆದರೆ ಇಲ್ಲಿ ದಾನ ಯಾರದು? ಸಾಧನಗಳನ್ನು ಹಂಚುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ನಿಮ್ಮ ಕುರ್ಚಿ ಅದರಲ್ಲಿ ಬಂದಿದ್ದರೆ, ಅದು ನಮ್ಮ ನಿಮ್ಮ ತೆರಿಗೆ ಹಣ. ಧರ್ಮಸಂಸ್ಥೆ ಕೊಟ್ಟಿದ್ದೇ ಆದರೂ, ಮುರಿದದ್ದನ್ನು ಮುರಿದಿದೆ ಅನ್ನೋದರಲ್ಲಿ ತಪ್ಪೇನಿದೆ?

ನನ್ನ ತಕರಾರು ಇರುವುದು ಆ ಫಾರ್ಮಿನ ಮೇಲೆ. ‘ತೃಪ್ತಿ ಇದೆಯೇ’ ಅಂತ ಒಂದೇ ಪ್ರಶ್ನೆ ಕೇಳಿದರೆ ನಮ್ಮ ಮಂದಿ ಹೌದು ಅಂತಲೇ ಹೇಳುತ್ತಾರೆ. ಬಂದವರಿಗೆ ಚಹಾ ಕೊಟ್ಟು ಕಳಿಸುವ ಜನ ನಾವು. ಎದುರಿಗೇ ಇಲ್ಲ ಅನ್ನೋದು ಹೇಗೆ, ಅಲ್ವಾ?

ಕೆನಡಾದ ಕ್ವಿಬೆಕ್‌ನಲ್ಲಿ ಇದಕ್ಕೆಂದೇ ಕ್ವೆಸ್ಟ್ ಎಂಬ ಪ್ರಶ್ನಾವಳಿ ಮಾಡಿದ್ದಾರೆ. ಅದರಲ್ಲಿ 12 ಪ್ರಶ್ನೆ. 8 ಸಾಧನದ್ದು: ಅಳತೆ, ತೂಕ, ಬಾಳಿಕೆ, ಕೂತರೆ ಹಿತವೇ, ಇಂಥವು. ಉಳಿದ 4 ಸೇವೆಯದ್ದು: ಕೊಟ್ಟ ರೀತಿ, ರಿಪೇರಿ, ತಜ್ಞರ ಸಲಹೆ, ಆಮೇಲೆ ಬಂದು ವಿಚಾರಿಸಿದರೇ ಅನ್ನೋದು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಕೊನೆಗೆ, ಈ ಹನ್ನೆರಡರಲ್ಲಿ ನಿಮಗೆ ಮುಖ್ಯವಾದ ಮೂರು ಯಾವುವು ಅಂತ ಬೇರೆ ಕೇಳುತ್ತಾರೆ. ಹೀಗೆ ಬಿಡಿಸಿ ಕೇಳಿದ್ದರೆ ನಿಮ್ಮಪ್ಪನೂ ‘ರಿಪೇರಿಗೆ ಸೊನ್ನೆ ಬರ್ಕೊಳ್ರೀ’ ಅಂತಿದ್ದರೇನೋ. ಸೊನ್ನೆ ಕೊಡೋಕೆ ಅದರಲ್ಲಿ ಜಾಗ ಇಲ್ಲ, ಆ ಮಾತು ಬೇರೆ.

ನಿಮ್ಮ ಕುರ್ಚಿಯನ್ನೇ ನೋಡಿ. ಹಿಂದಿನ ದೊಡ್ಡ ಗಾಲಿಯ ಟ್ಯೂಬ್ ಪಂಕ್ಚರ್ ಆದರೆ ಊರ ಸೈಕಲ್ ಅಂಗಡಿಯವನೇ ತಿದ್ದಿಕೊಡುತ್ತಾನೆ. ಮುಂದಿನ ಸಣ್ಣ ಗಾಲಿ ಹಾಗಲ್ಲ. ಅದರ ಬೇರಿಂಗು, ಅದನ್ನು ಹಿಡಿಯುವ ಫೋರ್ಕು ಅವನ ಡಬ್ಬಿಯಲ್ಲಿ ಇರುವುದಿಲ್ಲ. ನಮ್ಮದೋ ಎರಿ ಭೂಮಿ. ಒಂದು ಮಳೆ ಬಿದ್ದರೆ ಚಪ್ಪಲಿಗೇ ಸೇರು ಮಣ್ಣು ಮೆತ್ತುತ್ತದೆ. ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ ಆ ಗಾಲಿ ಅದರಲ್ಲಿ ಹೂತು ನಿಲ್ಲುತ್ತದೆ. ಹಿಂದಿನಿಂದ ಜೋರಾಗಿ ತಳ್ಳಿದರೆ ಮುರಿಯುವುದು ಅದೇ. ಒಂದು ಗಾಲಿಗಾಗಿ ಇಡೀ ಕುರ್ಚಿ ಹಿತ್ತಲಿಗೆ!

ಕುರ್ಚಿ ಕೊಡುವುದು ಅಂದರೆ ಹೆಸರು ಕೂಗಿ ಕೊಟ್ಟು ಫೋಟೋ ತೆಗೆಯುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಗಾಲಿಕುರ್ಚಿ ಸೇವೆಗೆ ಎಂಟು ಹಂತ ಹೇಳಿದೆ. ಕೂರುವವರ ಅಳತೆ, ಅವರ ಮನೆ, ಓಡಾಟ ನೋಡುವುದು ಮೊದಮೊದಲ ಹಂತ. ಬಳಸೋದನ್ನು ಕಲಿಸುವುದು, ರಿಪೇರಿ ನೋಡಿಕೊಳ್ಳುವುದು ಕೊನೆಯವು. ಬಾಗಿಲಿನ ಅಗಲಕ್ಕೆ ಟೇಪು ಹಿಡಿದಿದ್ದರೆ ನಿಮ್ಮ ಅರ್ಧ ತೊಂದರೆ ಅವತ್ತೇ ತಿಳಿಯುತ್ತಿತ್ತು.

ಇನ್ನು ಕುರ್ಚಿ ಸರಿ ಇದ್ದರೂ ಸಾಲದು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ನಿಲ್ದಾಣದ ಕಟ್ಟೆಯಿಂದ ಮೆಟ್ಟಿಲಿಲ್ಲದೆ ಹೋಗಬಹುದು, ಒಳ್ಳೆಯದೇ. ಆದರೆ ನಿಲ್ದಾಣ ಇರುವುದು ರಸ್ತೆಯ ನಡುವೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಜೊತೆಗೆ ಬಂದವರಿಗೆ ಬೆವರು ಕಿತ್ತು ಬರುತ್ತದೆ.

ಈಗ ನೀವು ಮಾಡಬೇಕಾದ್ದು. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಮೊದಲು ಅವರಿಗೆ ಕುರ್ಚಿ ತೋರಿಸಿ. ಬಾಗಿಲಿನ ಅಗಲ, ಮುರಿದ ಗಾಲಿಯ ಫೋಟೋ, ಕುರ್ಚಿ ಬಂದ ತಾರೀಖು ಸೇರಿಸಿ ಗದಗದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಅರ್ಜಿ ಕೊಡಿ. ಯುಡಿಐಡಿ ಕಾರ್ಡಿನ, ಅಂದರೆ ವಿಕಲಚೇತನರ ಗುರುತಿನ ಚೀಟಿಯ ಜೆರಾಕ್ಸ್ ಮರೆಯಬೇಡಿ. ಸ್ವೀಕೃತಿ ಪಡೆಯದೆ ಬರಬೇಡಿ. ಅಲ್ಲಿ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ಹಕ್ಕುಗಳಿಗೆಂದೇ ರಾಜ್ಯ ಆಯುಕ್ತರಿದ್ದಾರೆ. ದೂರನ್ನು ಅಂಚೆಯಲ್ಲೇ ಕಳಿಸಬಹುದು. ಅರ್ಜಿಗೆ ತಮ್ಮನೇ ಸಹಿ ಹಾಕಲಿ. ಕುರ್ಚಿ ಅವನದು.
– ಸಂಪಾದಕ