ಸುಶಿಯಲ್ಲಿ ಎಷ್ಟು ಕ್ಯಾಲೊರಿ? ಮೀನಿಗಿಂತ ಮೊದಲು ಅನ್ನದ ಲೆಕ್ಕ ಹಾಕಿ

ನೀವು ಕೇಳಿರುವುದು ಇದು: "ಸುಶಿಯಲ್ಲಿ ಎಷ್ಟು ಕ್ಯಾಲೊರಿ ಇರುತ್ತದೆ? ಎಣ್ಣೆ ಇಲ್ಲ, ಬರೀ ಮೀನು ಅಲ್ವಾ, ತೂಕ ಇಳಿಸುವವರು ಎಷ್ಟು ಬೇಕಾದರೂ ತಿನ್ನಬಹುದಾ?"

ಅನ್ನದ ಚಿಕ್ಕ ಉಂಡೆಯ ಮೇಲೆ ಮೀನಿನ ತುಂಡು ಇಟ್ಟು ಕೊಡುತ್ತಾರಲ್ಲ, ಅದಕ್ಕೆ ನಿಗಿರಿ ಅನ್ನುತ್ತಾರೆ. ಒಂದು ನಿಗಿರಿಗೆ ಸುಮಾರು 40ರಿಂದ 60 ಕ್ಯಾಲೊರಿ. ಎಷ್ಟು ಬೇಕಾದರೂ ತಿನ್ನಬಹುದಾ ಅಂದರೆ, ಇಲ್ಲ. ನಾನೂ ನಿಮ್ಮ ಹಾಗೆಯೇ ಅಂದುಕೊಂಡು ವರ್ಷಗಟ್ಟಲೆ ತಿಂದವನು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವನು. ಕೆಲಸಕ್ಕೆಂದು ಜಪಾನಿಗೆ ಬಂದು ಹನ್ನೊಂದು ವರ್ಷವಾಯಿತು, ಈಗ ಕವಾಸಾಕಿಯಲ್ಲಿದ್ದೇನೆ. ಇಲ್ಲಿ ಕಂಪನಿಯವರು ಪ್ರತಿ ವರ್ಷ ಆರೋಗ್ಯ ತಪಾಸಣೆ ಮಾಡಿಸಲೇಬೇಕು. 40 ದಾಟಿದ ಮೇಲೆ ಅದರಲ್ಲಿ ಇನ್ನೊಂದು ವಿಷಯಕ್ಕೆ ಬೆಲೆ ಬರುತ್ತದೆ: ಸೊಂಟದ ಸುತ್ತಳತೆ. 2008ರಿಂದ 40ರಿಂದ 74 ವಯಸ್ಸಿನವರಿಗೆಲ್ಲ ಈ ವಿಶೇಷ ತಪಾಸಣೆ ಇದೆ. ಹೊಕ್ಕುಳಿನ ಮಟ್ಟದಲ್ಲಿ ಟೇಪು ಸುತ್ತಿ ಅಳೆಯುತ್ತಾರೆ. ಗಂಡಸರಿಗೆ ಗಡಿ 85 ಸೆಂಟಿಮೀಟರ್, ಹೆಂಗಸರಿಗೆ 90. ದಾಟಿದರೆ, ಜೊತೆಗೆ ಬಿಪಿಯೋ ಶುಗರೋ ಏನಾದರೂ ಏರಿದ್ದರೆ, ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ಆಫೀಸಿನಲ್ಲಿ ಎಲ್ಲರೂ ಅದಕ್ಕೆ 'ಮೆಟಾಬೊ' ಅಂತ ಕರೆದು ನಗಾಡುತ್ತಾರೆ. ನನ್ನದು 88 ಬಂತು. ಬಿಪಿಯೂ ಗಡಿಯ ಮೇಲಿತ್ತು.

ಡಯಟೀಶಿಯನ್ ಎದುರು ಕೂತೆ. ಭಾನುವಾರ ಏನು ತಿನ್ನುತ್ತೀರಿ ಅಂತ ಕೇಳಿದರು. ಮನೆಯವರೆಲ್ಲ ಸುಶಿಗೆ ಹೋಗುತ್ತೇವೆ, ಎಣ್ಣೆ ಇಲ್ಲದ ಊಟ ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಎಷ್ಟು ತಟ್ಟೆ? ಹನ್ನೆರಡು ಇರಬಹುದು ಅಂದೆ. ಅವರು ಹಾಳೆಯ ಮೇಲೆ ಏನೋ ಗುಣಿಸಿ, ತಲೆ ಎತ್ತಿ, "ಹಾಗಾದರೆ ಮೂರು ಬಟ್ಟಲು ಅನ್ನ" ಅಂದರು.

ಅವರ ಲೆಕ್ಕ ಹೀಗಿತ್ತು. ಬೆಲ್ಟಿನ ಮೇಲೆ ತಟ್ಟೆ ಸುತ್ತುವ ಅಂಗಡಿಗಳಲ್ಲಿ ಒಂದು ತಟ್ಟೆಗೆ ಸಾಮಾನ್ಯವಾಗಿ ಎರಡು ನಿಗಿರಿ. ಒಂದೊಂದರಲ್ಲೂ ಸುಮಾರು 18ರಿಂದ 20 ಗ್ರಾಂ ಅನ್ನ. ಹನ್ನೆರಡು ತಟ್ಟೆ ಅಂದರೆ 24 ನಿಗಿರಿ, ಅಂದರೆ 450 ಗ್ರಾಂ ಹತ್ತಿರ ಅನ್ನ. ಇಲ್ಲಿ ಮನೆಯ ಬಟ್ಟಲಿನಲ್ಲಿ ಹಿಡಿಯುವುದು 150 ಗ್ರಾಂ. ಈ ಅನ್ನಕ್ಕೆ 100 ಗ್ರಾಮಿಗೆ 156 ಕ್ಯಾಲೊರಿ ಅಂತ ಜಪಾನಿನ ಆಹಾರ ಪಟ್ಟಿಯಲ್ಲಿದೆ. ಅಂದರೆ ನನ್ನ 'ಹಗುರ' ಊಟದಲ್ಲಿ ಬರೀ ಅನ್ನದಿಂದಲೇ 700 ಕ್ಯಾಲೊರಿ. ಮೀನು ಸೇರಿದರೆ 1,100ರ ಆಸುಪಾಸು. ತಟ್ಟೆ ತುಂಬ ಅನ್ನ ಬಡಿಸಿಕೊಂಡರೆ ಕಣ್ಣಿಗೆ ಕಾಣುತ್ತದೆ. ಉಂಡೆ ಉಂಡೆಯಾಗಿ ಬಂದರೆ ಕಾಣುವುದಿಲ್ಲ, ಇದೇ ತೊಂದರೆ.

ಅಂದಹಾಗೆ ಸುಶಿ ಅಂದರೆ ಹಸಿ ಮೀನು ಅಂತ ನಮ್ಮ ಊರಲ್ಲಿ ತುಂಬಾ ಜನ ತಿಳಿದಿದ್ದಾರೆ. ಅದು ಸಾಶಿಮಿ. ಸುಶಿ ಅನ್ನೋ ಹೆಸರು ಬಂದಿರುವುದು ಹುಳಿಯಿಂದ, ಅಂದರೆ ವಿನೆಗರ್ ಬೆರೆಸಿದ ಅನ್ನವೇ ಇಲ್ಲಿ ಮುಖ್ಯ. ಬರೀ ವಿನೆಗರ್ ಕೂಡ ಅಲ್ಲ. ನಾನು ಮನೆಯಲ್ಲಿ 300 ಗ್ರಾಂ ಅಕ್ಕಿಗೆ ನಾಲ್ಕು ದೊಡ್ಡ ಚಮಚ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು ಹಾಕುತ್ತೇನೆ. ಬಾಯಿಗೆ ಸಿಹಿ ಅನ್ನಿಸುವುದೇ ಇಲ್ಲ, ಹುಳಿ ಮುಚ್ಚಿಬಿಡುತ್ತದೆ. ಆದರೆ ಸಕ್ಕರೆ ಇದೆ, ಉಪ್ಪೂ ಇದೆ.

ಇನ್ನು ಮೀನು. ಇಲ್ಲಿ ವ್ಯತ್ಯಾಸ ದೊಡ್ಡದು. ಕುರೊಮಾಗುರೊ ಅನ್ನುವ ದೊಡ್ಡ ಟ್ಯೂನಾ ಇದೆಯಲ್ಲ, ಅದರ ಕೆಂಪು ಮಾಂಸಕ್ಕೆ 'ಅಕಾಮಿ' ಅನ್ನುತ್ತಾರೆ. 100 ಗ್ರಾಮಿಗೆ 115 ಕ್ಯಾಲೊರಿ, 26 ಗ್ರಾಂ ಪ್ರೋಟೀನ್, ಕೊಬ್ಬು ಒಂದೂವರೆ ಗ್ರಾಂ ಕೂಡ ಇಲ್ಲ. ಅದೇ ಮೀನಿನ ಹೊಟ್ಟೆಯ ಭಾಗ 'ತೊರೊ'. ಅದಕ್ಕೆ 308 ಕ್ಯಾಲೊರಿ, 27 ಗ್ರಾಂ ಕೊಬ್ಬು. ಒಂದೇ ಮೀನು, ಒಂದು ಗೇಣು ಆಚೆ ಈಚೆ! ಸಾಲ್ಮನ್ ಇವೆರಡರ ಮಧ್ಯೆ, 200ಕ್ಕಿಂತ ಸ್ವಲ್ಪ ಜಾಸ್ತಿ. ಹಸಿ ಸಾಲ್ಮನ್ ಸುಶಿ ಜಪಾನಿನ ಹಳೇ ಅಡುಗೆ ಅಂದುಕೊಂಡಿದ್ದೆ. ಅಲ್ಲ, ಅದನ್ನು 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಿದ ಮೀನು ಮಾರಲು ಇಲ್ಲಿ ಹಬ್ಬಿಸಿದ್ದು. ಹುಳುವಿನ ಭಯಕ್ಕೆ ಇಲ್ಲಿನವರು ತಮ್ಮ ಸಾಲ್ಮನ್ ಹಸಿ ತಿನ್ನುತ್ತಿರಲಿಲ್ಲವಂತೆ. ಈಗ ನನ್ನ ಮಗಳು ಅದನ್ನು ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ.

ಆದರೆ ಕೊಬ್ಬು ಅಂದ ಕೂಡಲೇ ಹೆದರಬೇಡಿ. ಒಂದು ನಿಗಿರಿಯ ಮೇಲಿರುವುದು ಹತ್ತು ಹನ್ನೆರಡು ಗ್ರಾಂ ಮೀನು ಅಷ್ಟೇ. ಅಕಾಮಿಗೂ ಸಾಲ್ಮನ್‌ಗೂ ಒಂದು ತುಂಡಿಗೆ ಹತ್ತು ಹನ್ನೆರಡು ಕ್ಯಾಲೊರಿ ವ್ಯತ್ಯಾಸ. ಮೇಲಾಗಿ ಸಾಬಾ, ಇವಾಶಿ ಇಂಥವುಗಳ ಕೊಬ್ಬಿನಲ್ಲೇ ಒಮೆಗಾ-3 ಇರುವುದು. ಸಾಬಾ ಅಂದರೆ ನಮ್ಮ ಬಂಗುಡೆಯ ನೆಂಟ, ಇವಾಶಿ ಅಂದರೆ ಬೂತಾಯಿಯ ನೆಂಟ. ನಾನಾದರೆ ಅಂಗಡಿಗೆ ಹೋದ ಕೂಡಲೇ ಸಾಬಾ ಹೇಳಿಬಿಡುತ್ತೇನೆ. ಊರಿನ ಪುಳಿಮುಂಚಿಯ ಸಮಕ್ಕೆ ಬರುವುದಿಲ್ಲ, ಆದರೂ ಬಾಯಿಗೆ ಗುರುತು ಹತ್ತುತ್ತದೆ.

ಒಟ್ಟಾರೆ ಎಂಟು ನಿಗಿರಿಯ ಒಂದು ಊಟ ಹಿಡಿದುಕೊಳ್ಳಿ. ಸುಮಾರು 400 ಕ್ಯಾಲೊರಿ, ಇಪ್ಪತ್ತರ ಮೇಲೆ ಪ್ರೋಟೀನ್, 60 ಗ್ರಾಂ ಚಿಲ್ಲರೆ ಕಾರ್ಬೋಹೈಡ್ರೇಟ್. ಇದು ನಿಜಕ್ಕೂ ಒಳ್ಳೆಯ ಊಟ. ಇಲ್ಲದಿರುವುದು ನಾರು. ಪಾಲಿಶ್ ಮಾಡಿದ ಬಿಳಿ ಅನ್ನ, ಮೀನು, ಇವೆರಡರಲ್ಲೂ ನಾರಿನಂಶ ಅಷ್ಟಕ್ಕಷ್ಟೇ, ತರಕಾರಿಯಂತೂ ಇಲ್ಲ. ಪಕ್ಕದಲ್ಲಿ ಇಡುವ ಶುಂಠಿ ಉಪ್ಪಿನಕಾಯಿಯನ್ನು ತರಕಾರಿ ಅಂತ ಲೆಕ್ಕ ಹಿಡಿಯಬೇಡಿ, ಅದೂ ಸಿಹಿ ವಿನೆಗರಿನಲ್ಲಿ ನೆನೆದದ್ದು.

ನನ್ನ ಬಿಪಿ ನೋಡಿ ಡಯಟೀಶಿಯನ್ ಜಾಸ್ತಿ ಮಾತಾಡಿದ್ದು ಉಪ್ಪಿನ ಬಗ್ಗೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಎರಡೂವರೆ ಗ್ರಾಂ ಉಪ್ಪು. ಇಡೀ ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅನ್ನದಲ್ಲಿ ಆಗಲೇ ಉಪ್ಪಿದೆ, ಜೊತೆಗೆ ಮಿಸೊ (ಉಪ್ಪು ಹಾಕಿ ಹುದುಗಿಸಿದ ಸೋಯಾ) ಸಾರು ಕುಡಿದರೆ ಅಲ್ಲಿಗೆ ಮುಗಿಯಿತು. ನಾನು ಇಡ್ಲಿಯನ್ನು ಸಾಂಬಾರಿಗೆ ಅದ್ದಿದ ಹಾಗೆ ಅನ್ನದ ಕಡೆಯಿಂದ ಸಾಸಿಗೆ ಅದ್ದುತ್ತಿದ್ದೆ. ಅನ್ನ ಸ್ಪಂಜಿನ ಹಾಗೆ ಹೀರುತ್ತದೆ. ಮಗುಚಿ ಮೀನಿನ ಅಂಚನ್ನು ಮಾತ್ರ ತಾಗಿಸಬೇಕು. ಇದು ಶಿಷ್ಟಾಚಾರ ಅಂತ ಸಹೋದ್ಯೋಗಿಗಳು ಮೊದಲೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ನಿಮ್ಮ ಕಡೆಯ ವಿಷಯ. ಬೆಂಗಳೂರಿನಲ್ಲಿ ಸುಶಿ ಅಂದರೆ ಹೆಚ್ಚಾಗಿ ರೋಲ್ ಅಲ್ವಾ? ಹೋದ ರಜೆಯಲ್ಲಿ ತಂಗಿ ಕರೆದುಕೊಂಡು ಹೋಗಿದ್ದಳು. ಬಂದದ್ದು ಕರಿದ ಸೀಗಡಿ ಸುತ್ತಿದ ರೋಲ್, ಮೇಲೆ ಮಯೊನೀಸ್, ಅದರ ಮೇಲೆ ಕರಿದ ಹಿಟ್ಟಿನ ಪುಡಿ. ರುಚಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಮೇಲೆ ಬರೆದ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಸೌತೆಕಾಯಿ ಇಟ್ಟು ತೆಳ್ಳಗೆ ಸುತ್ತಿದ ಕಪ್ಪಾಮಾಕಿಯ ಆರು ತುಂಡಿಗೆ 140 ಕ್ಯಾಲೊರಿ ಆದರೆ, ಕರಿದ ಸೀಗಡಿಯ ದೊಡ್ಡ ರೋಲ್ ಒಂದಕ್ಕೆ 500 ದಾಟಬಹುದು. ಕ್ರೀಮ್ ಚೀಸ್ ಇದ್ದರೂ ಹಾಗೆಯೇ. ಮೆನುವಿನಲ್ಲಿ 'ಕ್ರಿಸ್ಪಿ', 'ಟೆಂಪುರಾ', 'ಸ್ಪೈಸಿ ಮಯೊ' ಕಂಡರೆ ಅದು ಬಜ್ಜಿ ಲೆಕ್ಕ ಅಂದುಕೊಳ್ಳಿ.

ಸಸ್ಯಾಹಾರಿಗಳಾಗಿದ್ದರೆ ಸೌತೆಕಾಯಿ, ಅವಕಾಡೊ ರೋಲ್ ಇವೆ. ಇನಾರಿ ಅಂತ ಒಂದಿದೆ, ಕರಿದ ತೋಫುವಿನ ಚೀಲದೊಳಗೆ ಅನ್ನ ತುಂಬಿದ್ದು. ಅದು ಸಿಹಿ, ಸಾಮಾನ್ಯವಾಗಿ ದಾಶಿ ಅನ್ನುವ ಮೀನಿನ ತಿಳಿ ಸಾರಿನಲ್ಲಿ ಬೇಯಿಸುತ್ತಾರೆ, ಜಪಾನಿಗೆ ಬಂದಾಗ ಕೇಳಿಯೇ ತಿನ್ನಿ.

ಎರಡು ಎಚ್ಚರಿಕೆ. ಗರ್ಭಿಣಿಯರಿಗೆ ಪಾದರಸದ ಕಾರಣಕ್ಕೆ ಕುರೊಮಾಗುರೊದಂಥ ದೊಡ್ಡ ಟ್ಯೂನಾ ವಾರಕ್ಕೊಮ್ಮೆ 80 ಗ್ರಾಂ ಸಾಕು ಅಂತ ಇಲ್ಲಿನ ಆರೋಗ್ಯ ಸಚಿವಾಲಯವೇ ಹೇಳುತ್ತದೆ. ಇನ್ನೊಂದು, ಹಸಿ ಮೀನಿನ ಅನಿಸಾಕಿಸ್ ಹುಳು ವಿನೆಗರಿಗೂ ವಸಾಬಿಗೂ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗಿಂತ ಹೆಚ್ಚು ಹೊತ್ತು ಇಡಬೇಕು ಅನ್ನುವುದು ಇಲ್ಲಿನ ಸಚಿವಾಲಯದ ಸಲಹೆ. ಮಾರ್ಕೆಟ್ಟಿನ ಮೀನು ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ನಾನು ಈಗ ಆರು ತಟ್ಟೆಗೆ ನಿಲ್ಲಿಸುತ್ತೇನೆ, ಹಸಿವಾದರೆ ಸಾಶಿಮಿ ಹೇಳುತ್ತೇನೆ. ಕಷ್ಟ ಏನೆಂದರೆ, ನಾವು ಹೋಗುವ ಅಂಗಡಿಯಲ್ಲಿ ಖಾಲಿ ತಟ್ಟೆಯನ್ನು ಟೇಬಲ್ಲಿನ ಕಂಡಿಯೊಳಗೆ ಹಾಕಬೇಕು, ಐದು ತಟ್ಟೆ ಆದ ಕೂಡಲೇ ಪರದೆಯಲ್ಲಿ ಒಂದು ಆಟ ಬರುತ್ತದೆ. ಗೆದ್ದರೆ ಆಟಿಕೆ. ಒಂಬತ್ತು ತಟ್ಟೆ ಆದಾಗ ಮಗಳು ನನ್ನ ಮುಖ ನೋಡುತ್ತಾಳೆ. ಹತ್ತನೆಯದು ಯಾರು ತಿನ್ನಬೇಕು ಹೇಳಿ?

ಈ ವರ್ಷದ ತಪಾಸಣೆಯಲ್ಲಿ ಸೊಂಟ ಸರಿಯಾಗಿ 85 ಬಂತು. ಇದು ಪಾಸಾ ಫೇಲಾ ಅಂತ ಟೇಪು ಹಿಡಿದ ನರ್ಸಮ್ಮನನ್ನು ಕೇಳಿದೆ. 85 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಮೆಟಾಬೊ ಲೆಕ್ಕಕ್ಕೇ ಸೇರುತ್ತದೆ ಅಂದರು, ತುಂಬಾ ಮರ್ಯಾದೆಯಿಂದ ತಲೆ ಬಾಗಿಸಿ.